ನಲವತ್ತೊಂದನೇ ಬಾಗಿಲಿನ ಪ್ರಿಂಟರು

ಬೀಗದಕ್ಕನ ಮುತ್ತಾತ ಬೀಗ ಮಾಡುವವನು. ಒಮ್ಮೆ ಧಾನ್ಯದ ವ್ಯಾಪಾರಿಯೊಬ್ಬನ ಉಗ್ರಾಣಕ್ಕೆ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ, ಅರ್ಧ ದಿನದ ದಾರಿ ನಡೆದು ಮನೆ ಮುಟ್ಟಿದ. ಕಾಲು ತೊಳೆಯುವಾಗ, ಜಗ್ಗಿದ್ದು ಮೂರು ಸಲವೋ ಎರಡೇ ಸಲವೋ ಎಂಬ ಅನುಮಾನ ಹೊಕ್ಕಿತು. ಊಟಕ್ಕೆ ಕೂರದೆ ಬಂದ ದಾರಿಯಲ್ಲೇ ಹಿಂದಿರುಗಿದನಂತೆ. ಅವನ ಮಗ ಅಂಚೆಯವನಾದ. ಸ್ವಂತ ಭಾವಮೈದುನನಿಗೆ ಬಂದ ಕಾಗದವನ್ನೂ "ನೀನೇ ಅನ್ನೋದಕ್ಕೆ ಏನಯ್ಯಾ ಗುರುತು?" ಎಂದು ಕೇಳಿಯೇ ಕೊಟ್ಟ, ಭಾವಮೈದುನ ಸಾಯುವ ತನಕ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಂಚೆಯವನ ಮಗ, ಅಂದರೆ ಬೀಗದಕ್ಕನ ಅಪ್ಪ, ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅದನ್ನು ನೀರು ಕುಡಿದಂತೆ ಓದುವುದನ್ನು ಮಗಳಿಗೂ ಮಗನಿಗೂ ಕಲಿಸಿ, "ನಿಮ್ಮ ಕೈಯನ್ನೇ ಮೊದಲು ಅನುಮಾನಿಸಿ" ಎಂದು ಹೇಳಿ ಕಣ್ಣು ಮುಚ್ಚಿದ. ಮೂರು ತಲೆಮಾರು ಸೇರಿ ಒಂದು ಅಂಗೈಯಗಲ ನೆಲ ಮಾಡಲಿಲ್ಲ. ಅನುಮಾನವನ್ನು ಮಾತ್ರ ಚೆನ್ನಾಗಿ ಸಾಕಿ ಬೆಳೆಸಿ ಕೊಟ್ಟುಹೋದರು.

ಬೀಗದಕ್ಕ ನಮ್ಮ ಆಸ್ಪತ್ರೆಗೆ ಟೈಪಿಸ್ಟಳಾಗಿ ಬಂದವಳು. ನಾನು ಹಳೆಯ ಕಡತಗಳ ಕೋಣೆ ಕಾಯುತ್ತಿದ್ದೆ. ಮೆಟ್ಟಿಲ ಕೆಳಗಿನ ಅವಳ ಕೋಣೆ ನನ್ನ ಬಾಗಿಲಿಗೆ ಎದುರು. ಟೈಪ್‌ರೈಟರುಗಳು ಹೋಗಿ ಪ್ರಿಂಟರುಗಳು ಬಂದಾಗ ಅವುಗಳನ್ನು ನೋಡಿಕೊಳ್ಳಲು ಕಂಪನಿಯ ಎಂಜಿನಿಯರೊಬ್ಬ ಬರುತ್ತಿದ್ದ. ಅವಳ ಕೋಣೆಯಲ್ಲೇ ಕೂತು, ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ ತೆರೆದು, ಬಿಳಿ ಅಕ್ಷರದಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಐದನೇ ಮಹಡಿಯ ಪ್ರಿಂಟರು ಹೇಳಿದಂತೆ ಕೇಳುತ್ತಿತ್ತು. ಆದರೆ ಆಸಾಮಿ ವಿದ್ಯೆ ಬಿಟ್ಟುಕೊಡುವವನಲ್ಲ. ಬೇಕೆಂದೇ ಪರದೆಯನ್ನು ಅವಳಿಗೆ ಕಾಣದಂತೆ ತನ್ನ ಕಡೆ ತಿರುಗಿಸಿಕೊಂಡು, ಅವಳಿಗೆ ಎದುರಾಗಿ ಕೂರುತ್ತಿದ್ದ. ತನ್ನ ಬೆನ್ನ ಹಿಂದೆ ಏನಿದೆ ಎಂದು ಮಾತ್ರ ಅವನು ನೋಡಲಿಲ್ಲ. ಹಿಂದಿದ್ದದ್ದು ಕಿಟಕಿಯ ಗಾಜು. ಹೊರಗೆ ಮೋಡ ಕವಿದ ದಿನ ಪರದೆಯ ಬಿಳಿ ಅಕ್ಷರ ಗಾಜಿನ ಮೇಲೆ ತಿರುಗುಮುರುಗಾಗಿ ಮೂಡುತ್ತಿತ್ತು. ಮೊಳೆ ಜೋಡಿಸುವವನ ಮಗಳಿಗೆ ಇನ್ನೇನು ಬೇಕು? ಎಂಟು ತಿಂಗಳಲ್ಲಿ ಎಂಜಿನಿಯರು ಬರುವುದು ನಿಂತಿತು. ಕರೆಯುವ ಕೆಲಸವೇ ಉಳಿಯಲಿಲ್ಲ.

ಐದು ಮಹಡಿಯಲ್ಲಿ ಅರವತ್ತೆರಡು ಪ್ರಿಂಟರು. ಪ್ರತಿಯೊಂದಕ್ಕೂ ತಂತಿಯ ಮೇಲೆ ಒಂದು ನಂಬರು, ಮನೆಗೆ ವಿಳಾಸ ಇದ್ದ ಹಾಗೆ. ಲ್ಯಾಬಿನವರು ಆ ನಂಬರಿಗೆ ವರದಿ ಕಳಿಸಿದರೆ ಆ ಪ್ರಿಂಟರಲ್ಲಿ ಹಾಳೆ ಬರಬೇಕು. ಬೀಗದಕ್ಕ ಒಂದು ಪದ್ಧತಿ ಮಾಡಿಕೊಂಡಳು: ಕೋಣೆಯ ಬಾಗಿಲಿನ ಮೇಲೆ ಯಾವ ಅಂಕಿಯೋ ಪ್ರಿಂಟರಿಗೂ ಅದೇ ಅಂಕಿ. ನಲವತ್ತೊಂದನೇ ಬಾಗಿಲು, ನಲವತ್ತೊಂದನೇ ನಂಬರು. ಎಲ್ಲೂ ಬರೆದಿಡಲಿಲ್ಲ. ಬರೆದದ್ದನ್ನು ಯಾರಾದರೂ ಓದಬಹುದಲ್ಲ!

ಆಮೇಲೆ ಕಟ್ಟಡಕ್ಕೆ ಬಣ್ಣ ಹೊಡೆದರು. ಎರಡು ಗೋಡೆ ಕೆಡವಿ, ಮೇಲಿನಿಂದ ಎಣಿಸಿದ್ದ ಬಾಗಿಲುಗಳನ್ನು ಈ ಸಲ ಕೆಳಗಿನಿಂದ ಎಣಿಸಿ ಹೊಸ ಅಂಕಿ ಬರೆದರು. ಮೂರನೇ ಮಹಡಿಯ ದಾದಿಯರ ಕೋಣೆ ನಲವತ್ತೊಂದು ಇದ್ದದ್ದು ತೊಂಬತ್ತೈದಾಯಿತು. "ಬಾಗಿಲು ಬಣ್ಣ ಬಳ್ಕೊಂಡ್ರೆ ಯಂತ್ರ ಯಾಕೆ ಹೆಸರು ಬದಲಾಯಿಸ್ಕೋಬೇಕು?" ಎಂದು ಅವಳು ಹಳೆಯ ನಂಬರುಗಳನ್ನೇ ಉಳಿಸಿಕೊಂಡಳು. ಹಳೆಯದು ಯಾವುದು, ಹೊಸದು ಯಾವುದು ಎಂಬುದೆಲ್ಲ ಅವಳ ತಲೆಯೊಳಗೆ, ಬೀಗದ ಹಿಂದೆ.

ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನ ಮನೆಯಲ್ಲಿದ್ದು ಬಂದ ದಿನವೇ ಗ್ರಹಚಾರ ಕಾದಿತ್ತು. ಮೂರನೇ ಮಹಡಿಯ ಒಬ್ಬಳು ದಾದಿ ಕೆಮ್ಮು ನಿಲ್ಲದೆ ಕ್ಷಯದ ಪರೀಕ್ಷೆ ಮಾಡಿಸಿಕೊಂಡಿದ್ದಳು. ಆ ವರದಿ ಅವಳ ಮಹಡಿಗೆ ಹೋಗದೆ ನೆಲಮಹಡಿಯ ಬಟ್ಟೆಕೋಣೆಯಲ್ಲಿ, ಹೊಸದಾಗಿ ಬಂದಿದ್ದ ಪ್ರಿಂಟರಿನಲ್ಲಿ ಹೊರಬಿತ್ತು. ಬಟ್ಟೆಕೋಣೆಯವನು ತಲೆಬರಹ ಓದಿದ, ಹೆಸರು ಓದಿದ, ಅಷ್ಟಕ್ಕೆ ಬಾಯಿ ತೆರೆದ. ಮಧ್ಯಾಹ್ನದ ಹೊತ್ತಿಗೆ ಚಹಾ ಕುಡಿಯುವ ಕಟ್ಟೆಯ ಮೇಲೆ ದಾದಿಯ ಅಕ್ಕಪಕ್ಕ ಎರಡಾಳು ಕೂರುವಷ್ಟು ಜಾಗ ಖಾಲಿಯಾಯಿತು.

ಸೂಪರಿಂಟೆಂಡೆಂಟರು ಬೀಗದಕ್ಕನನ್ನು ಕರೆಸಿದರು.

"ಹಾಳೆನ ಅಲ್ಲಿಂದ ಇಲ್ಲಿಗೆ ತಿರುಗಿಸೋ ವಿದ್ಯೆ ಈ ಕಟ್ಟಡದಲ್ಲಿ ಎಷ್ಟು ಜನಕ್ಕೆ ಬರುತ್ತಮ್ಮ?"

"ನಂಗೊಬ್ಬಳಿಗೆ."

"ಹಾಗಾದ್ರೆ ನೀವೇ ಹೇಳಿ, ನಾನು ಯಾರನ್ನ ಕೇಳ್ಲಿ? ಶನಿವಾರದೊಳಗೆ ಯಾರು ಮಾಡಿದ್ದು ಅಂತ ತೋರ್ಸಿ. ಇಲ್ಲಾಂದ್ರೆ ಪ್ರಿಂಟರುಗಳ ಪಾಸ್‌ವರ್ಡು ಹೊರಗಿನ ಕಂಪನಿಗೆ. ನೀವು ಮತ್ತೆ ಟೈಪಿಂಗಿಗೆ."

ಇಪ್ಪತ್ತಾರು ವರ್ಷ ಬೇರೆಯವರ ಕಾಗದ ಕಾಯ್ದವಳ ಮೇಲೆ ಬೇಲಿಯೇ ಹೊಲ ಮೇಯ್ದ ಅಪವಾದ. ಮೆಟ್ಟಿಲಲ್ಲಿ ಎದುರಾದ ದಾದಿ ಸುಮ್ಮನೆ ಹೋಗಲಿಲ್ಲ. "ಓದಿದ್ದಾಯ್ತಾ ಅಕ್ಕಾ? ಇನ್ನೂ ಎಕ್ಸ್‌ರೇ ಒಂದಿದೆ, ಅದನ್ನೂ ಕಳಿಸ್ಲಾ?" ಎಂದಳು. ಬೀಗದಕ್ಕ ಕಂಬಿ ಹಿಡಿದು ನಿಂತಳು. ನಾನು ನೋಡುತ್ತಿದ್ದೆ.

ಸೋಮವಾರದಿಂದ ಗುರುವಾರದವರೆಗೆ ಅವಳು ಅನುಮಾನಿಸದ ನರಪಿಳ್ಳೆ ಇರಲಿಲ್ಲ. ಲ್ಯಾಬಿನವನು ಕಣ್ಣು ತಪ್ಪಿಸಿದನೆಂದು ಅವನ ಮೇಲೆ, ಬಟ್ಟೆಕೋಣೆಯವನು ಕಣ್ಣು ತಪ್ಪಿಸಲಿಲ್ಲವೆಂದು ಅವನ ಮೇಲೆ.

"ಈ ಪ್ರಿಂಟರು ಹಾಕಿದ್ದು ಯಾರು?" ಎಂದು ಬಟ್ಟೆಕೋಣೆಯವನನ್ನು ಕೇಳಿದಳು.

"ಕಂಪನಿಯವ್ರು ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನು? ನಿನ್ನ ಕೋಣೇಲಿ ಹೆರಿಗೆಯಾದ್ರೂ ಗೊತ್ತಾಗಲ್ವಾ ನಿಂಗೆ?"

ಅವನು ಹೊದಿಕೆಗಳನ್ನು ಎಣಿಸತೊಡಗಿದ, ಎಣಿಸಿದ್ದನ್ನೇ ಮತ್ತೆ ಎಣಿಸಿದ. ನನ್ನ ಬಳಿ ಬಂದು ಅವಳು, "ನೀವೇನೂ ಕೀಲಿಮಣೆ ಮುಟ್ಟಿಲ್ಲ ತಾನೇ, ಅಣ್ಣಾ?" ಎಂದಳು. ನನಗೆ ಆ ಯಂತ್ರ ಚಾಲೂ ಮಾಡಲೂ ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಕೇಳಿದಳು. ಮನುಷ್ಯರನ್ನೆಲ್ಲ ಸೋಸಿ ನೋಡಿದವಳು ತನ್ನ ಪದ್ಧತಿಯನ್ನು ಮಾತ್ರ ಜರಡಿಗೆ ಹಾಕಲಿಲ್ಲ. ಅಪ್ಪ ಹೇಳಿದ ಮಾತು ಅದೊಂದು ಕಡೆ ಮರೆತಿತ್ತು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅವಳು ವಾರದ ರೂಢಿಯಂತೆ ಕಪ್ಪು ಪರದೆ ತೆರೆದು ಒಂದೊಂದೇ ಪ್ರಿಂಟರಿನೊಳಗೆ ಹೊಕ್ಕು, ಇದುವರೆಗೆ ಎಷ್ಟು ಹಾಳೆ ಮುದ್ರಿಸಿದ್ದೀ ಎಂದು ಕೇಳುತ್ತಾ ಬಂದಳು. ನಲವತ್ತೊಂದು ಉತ್ತರ ಕೊಟ್ಟಿತು: ಮುನ್ನೂರ ಹದಿನೆಂಟು. ಅವಳು ಕನ್ನಡಕ ಒರೆಸಿಕೊಂಡಳು. ಆ ಮುದಿ ಯಂತ್ರ ಎರಡು ಲಕ್ಷ ಹಾಳೆ ದಾಟಿ ವರ್ಷವಾಗಿತ್ತು. ಹತ್ತು ಗಂಟೆಗೆ ಮತ್ತೆ ಕೇಳಿದಳು. ಎರಡು ಲಕ್ಷದ ಹನ್ನೊಂದು ಸಾವಿರ. ಹನ್ನೊಂದಕ್ಕೆ ಕೇಳಿದರೆ ಮತ್ತೆ ಮುನ್ನೂರ ಚಿಲ್ಲರೆ.

"ಅಣ್ಣಾ, ಇಲ್ಲಿ ಬನ್ನಿ" ಎಂದು ಕೂಗಿದಳು. "ಒಂದು ಬಾಗಿಲು ತಟ್ಟಿದ್ರೆ ಒಂದ್ಸಲ ಅಜ್ಜಿ ಬರ್ತಾಳೆ, ಒಂದ್ಸಲ ಮೊಮ್ಮಗಳು ಬರ್ತಾಳೆ. ಒಂದೇ ವಿಳಾಸದಲ್ಲಿ ಇಬ್ಬರಿದ್ದಾರೆ!"

ಎರಡು ಪ್ರಿಂಟರುಗಳಿಗೆ ಒಂದೇ ನಂಬರು. ಕರೆದಾಗ ಯಾವುದು ಮೊದಲು ಓಗೊಟ್ಟಿತೋ ಅದರ ಬಾಯಿಗೆ ಹಾಳೆ. ಹೊಸ ಯಂತ್ರ ಓಗೊಟ್ಟ ಹೊತ್ತು ನೋಡಿ, ಅದರೊಳಗೆ ಹೊಕ್ಕು ನೀನಿರುವ ಜಾಗ ಯಾವುದು ಎಂದು ಕೇಳಿದಳು. ಯಾರು ಹೊಸ ಪ್ರಿಂಟರು ಹಾಕಿದರೂ ಅಲ್ಲಿ ಕೋಣೆಯ ಹೆಸರು ತುಂಬುತ್ತಾರೆ. ಇಲ್ಲಿ ಬೇರೆಯೇ ಇತ್ತು: ಮೆಟ್ಟಿಲಿಳಿದು ಎಡಕ್ಕೆ, ಎರಡನೇ ತಿರುವು, ಕಂಬದ ಹಿಂದೆ.

ಅವಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಜಾಗವನ್ನು ತಿರುವಿನ ಲೆಕ್ಕದಲ್ಲಿ ಹೇಳುವವರು ತಂತಿ ಎಳೆಯುವವರು. ಈ ಕಟ್ಟಡದಲ್ಲಿ ತಂತಿ ಎಳೆಯುವವನು ಒಬ್ಬನೇ, ಅವಳ ಒಡಹುಟ್ಟಿದ ತಮ್ಮ. ಒಂದೇ ಮನೆ, ಒಂದೇ ಒಲೆ. ನಾಲ್ಕು ದಿನದಿಂದ ಅವಳ ಎದುರಿಗೇ ಕೂತು ಉಂಡು, "ಯಾರು ಮಾಡಿರಬಹುದಕ್ಕಾ?" ಎಂದು ಕೇಳುತ್ತಿದ್ದವನು.

ಕರೆಸಿದಳು. ಬಂದ. ಹೆಗಲ ಮೇಲೆ ತಂತಿಯ ಸುರುಳಿ, ಐವತ್ತು ದಾಟಿದ ಮುಖದಲ್ಲಿ ಹಾಲು ಕದ್ದು ಕುಡಿದ ಬೆಕ್ಕಿನ ಕಳೆ.

"ಯಾಕೋ ಮಾಡ್ದೆ?"

"ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರಕ್ಕಾ. ಬಟ್ಟೆಕೋಣೆಯವನು ಪ್ರಿಂಟರು ಹಾಕ್ಕೊಡು ಅಂತ ಒಂದೇ ಸಮ ಕಾಡ್ತಿದ್ದ. ನಿಂಗ್ಯಾಕೆ ತೊಂದ್ರೆ ಅಂತ, ಯಂತ್ರದ ಮೇಲಿನ ಗುಂಡಿ ಒತ್ತೇ ನಂಬರು ಹಾಕ್ದೆ..."

"ನಲವತ್ತೊಂದು ಅಂತ ಯಾರು ಹೇಳಿದ್ರು?"

"ನೀನೇ ಹೇಳ್ತಿದ್ಯಲ್ಲ, ಬಾಗಿಲಿನ ಅಂಕಿನೇ ಯಂತ್ರದ ಅಂಕಿ ಅಂತ. ಬಟ್ಟೆಕೋಣೆ ಬಾಗಿಲ ಮೇಲೆ ಈಗ ನಲವತ್ತೊಂದು ಅಂತಲೇ ಬರೆದಿದೆ, ಹೋಗಿ ನೋಡು. ನಿನ್ನ ಪದ್ಧತಿ ಒಂದಿಂಚೂ ಬಿಡದೆ ಮಾಡಿದ್ದೀನಿ."

"ಅದನ್ನ ನಂಗೆ ಹೇಳೋಕೆ ಏನಾಗಿತ್ತು ರೋಗ?"

"ನಿನಗೆ ಹೇಳೋದಾ? ಹೋದ ಸಲ ನಿನ್ನ ಕುರ್ಚಿ ತಿರುಪು ಬಿಗಿ ಮಾಡಿದ್ದಕ್ಕೆ, ಯಾಕೆ ಮಾಡಿದೆ, ಏನು ನಿನ್ನ ಉದ್ದೇಶ ಅಂತ ಮೂರು ದಿನ ವಿಚಾರಣೆ ಮಾಡಿದ್ಯಲ್ಲ!"

ಬೀಗದಕ್ಕ ಪರದೆಯ ಕಡೆ ತಿರುಗಿ ಬಟ್ಟೆಕೋಣೆಯ ಯಂತ್ರಕ್ಕೆ ಎಪ್ಪತ್ತೊಂದು ಎಂದು ಹೊಸ ನಂಬರು ಕೊಟ್ಟಳು. ಹಾಗೆಯೇ ಎದ್ದು ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಜೊತೆಗೆ ನಾನೂ ಹೋದೆ, ಸಾಕ್ಷಿಗೆ ಇರಲಿ ಎಂದು.

"ಹಾಕಿದವನು ನನ್ನ ತಮ್ಮ. ಅವನ ದಾರಿ ತಪ್ಪಿಸಿದ್ದು ನನ್ನ ಪದ್ಧತಿ. ಹಳೇ ಅಂಕಿ ಯಾವ್ದು, ಹೊಸದ್ಯಾವ್ದು ಅಂತ ಯಾರಿಗೂ ಹೇಳದೆ ಬಚ್ಚಿಟ್ಕೊಂಡಿದ್ದೆ. ಅವನನ್ನ ತೆಗೆಯೋದಾದ್ರೆ ಮೊದಲು ನನ್ನನ್ನ ತೆಗೀರಿ" ಎಂದಳು.

ದಾದಿಯನ್ನೂ ಕರೆಸಿದರು. ಬೀಗದಕ್ಕ ಅವಳ ಎದುರಿಗೂ ಅದನ್ನೇ ಹೇಳಿದಳು. ವಿಚಾರಣೆ ಮುಗಿಯಲಿ ಎಂದು ಮೇಜಿನೊಳಗೆ ಮುಚ್ಚಿಟ್ಟಿದ್ದ ಆ ಹಾಳೆಯನ್ನು ಸೂಪರಿಂಟೆಂಡೆಂಟರು ತೆಗೆದು ದಾದಿಯ ಕೈಗೆ ಕೊಟ್ಟರು. ಕೊನೆಯ ಸಾಲಿನಲ್ಲಿ, ಕ್ಷಯವಿಲ್ಲ ಎಂದಿತ್ತು. ಇಡೀ ಆಸ್ಪತ್ರೆಯ ಬಾಯಲ್ಲಿ ಐದು ದಿನ ಓಡಾಡಿದ ಹಾಳೆಯನ್ನು ಒಬ್ಬರೂ ಕೊನೆಯವರೆಗೆ ಓದಿರಲಿಲ್ಲ. ದಾದಿ ಅದನ್ನು ಮಡಿಸಿಟ್ಟುಕೊಂಡು, "ಸದ್ಯ, ನೀವು ಓದಿರಲಿಲ್ಲ" ಎಂದು ಬೀಗದಕ್ಕನಿಗೆ ಹೇಳಿ ಹೋದಳು. ಆ ಮಾತಿಗೆ ಬೀಗದಕ್ಕನ ಹೊಸ ಕಣ್ಣು, ಹಳೆ ಕಣ್ಣು ಎರಡೂ ಒದ್ದೆಯಾದವು.

"ಪಾಸ್‌ವರ್ಡು ನಿಮ್ಮ ಹತ್ರಾನೇ ಇರ್ಲಿ" ಎಂದರು ಸೂಪರಿಂಟೆಂಡೆಂಟರು. "ಆದ್ರೆ ವಯಸ್ಸಾಯ್ತಲ್ಲಮ್ಮ, ಸಹಾಯಕ್ಕೆ ಕಂಪನಿಯಿಂದ ಒಬ್ಬರನ್ನ ಹಾಕಿಸ್ತೀನಿ." ಬಾಗಿಲ ಹೊರಗೆ ಮೆಟ್ಟಿಲ ಬಳಿ ತಂತಿ ಹೊತ್ತು ನಿಂತಿದ್ದ ತಮ್ಮ, "ಮೂರನೇ ಮಹಡಿಗೆ ಹೋಗಿ ಪ್ರಿಂಟು ಸರಿಯಾಗಿ ಬಂತಾ ಅಂತ ನಾನೇ ನೋಡ್ಕೊಂಡು ಬರ್ತೀನಕ್ಕಾ, ನೀನು ಕೂತಿರು" ಎಂದ.

ಬೀಗದಕ್ಕ ಬಾಗಿಲು ದಾಟಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

"ಬೇಡ ಸಾರ್. ಯಾವ ಬಾಗಿಲಿಗೆ ಯಾವ ನಂಬರು ಅಂತ ಇವತ್ತೇ ಬರೆದು ಗೋಡೆಗೆ ಅಂಟಿಸ್ತೀನಿ, ಯಾರು ಬೇಕಾದ್ರೂ ಓದ್ಕೊಳ್ಳಿ. ಅಷ್ಟು ಸಾಕು. ನೀನೂ ಬೇಡ ಕಣೋ ತಮ್ಮ. ನೀನು ಒಂದು ಗಳಿಗೆ ಮಾಡಿದ ಉಪಕಾರ ಬಿಡಿಸೋಕೆ ನಂಗೆ ಐದು ದಿನ ಹಿಡೀತು. ಮೂರು ಮಹಡಿ ಹತ್ತೋಕೆ ಐದೇ ನಿಮಿಷ. ಜರುಗು, ದಾರಿ ಬಿಡು."