ಮರದ ನೂಲು, ಒದ್ದೆ ಗಂಟು

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಮರದಿಂದ ನೂಲು ತೆಗೆಯುತ್ತಾರೆ ಎಂದು ಮೊದಲ ಸಲ ಹೇಳಿದಾಗ ನನ್ನ ತಾಯಿ, ಆಯಿ, ಮೆಟ್ಟುಗತ್ತಿಯ ಮೇಲೆ ಬಂಗಡೆ ಕೊಯ್ಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಮರದ್ದಾ? ಉಟ್ಕೊಂಡ್ರೆ ಚಕ್ಕೆ ಚುಚ್ಚೂದಿಲ್ವಾ?"

ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮ ಮನೆ. ಹಿತ್ತಲು ದಾಟಿದರೆ ಗಾಳಿಮರದ ಸಾಲು, ಅದರಾಚೆ ಮರಳು. ನಾನು ಆ ಸಾಲನ್ನೇ ತೋರಿಸಿ, ಇದರಿಂದಲೂ ಮಾಡಬಹುದು ಆಯಿ, ಎಂದೆ. ಅವಳು ಒಲೆಯ ಪಕ್ಕ ಪೇರಿಸಿದ್ದ ಗಾಳಿಮರದ ಕಟ್ಟಿಗೆ ಕಡೆ ತಿರುಗಿ, "ಹಾಗಾರೆ ಇಷ್ಟು ವರ್ಷ ನಾನು ಸುಟ್ಟ ಸೀರೆಗೆ ಲೆಕ್ಕ ಇಲ್ಲ ಬಿಡು" ಎಂದು ಮತ್ತೆ ಬಂಗಡೆಗೆ ಕೈ ಹಾಕಿದಳು.

ಆಯಿ ಅಂಕೋಲೆಯ ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವವಳು. ಮೀನು ಹೆಚ್ಚು ಸಿಕ್ಕ ದಿನ ಬಸ್ಸು ಹತ್ತಿ ಅಗಸೂರಿನವರೆಗೂ ಹೋಗಿ ಮಾರಿ ಬರುತ್ತಾಳೆ. ಆ ಬುಟ್ಟಿಯ ದುಡಿಮೆಯಲ್ಲೇ ನಾನು ಕಾರವಾರದ ಹಬ್ಬುವಾಡದಲ್ಲಿ ಕೋಣೆ ಹಿಡಿದು ರಸಾಯನಶಾಸ್ತ್ರ ಓದಿದೆ. ಆಮೇಲೆ ಗುಜರಾತಿನ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ನೂಲನ್ನು ಎಳೆದು, ನೆನೆಸಿ, ಹರಿದು, ಯಾವಾಗ ತುಂಡಾಯಿತು ಎಂದು ಬರೆದಿಡುವುದು ನನ್ನ ಕೆಲಸ. ಹರಿಯುವುದಕ್ಕೂ ಸಂಬಳ ಕೊಡ್ತಾರಾ ಎಂದು ಆಯಿಗೆ ಬಹಳ ದಿನ ಆಶ್ಚರ್ಯವಿತ್ತು.

ಅವಳಿಗೆ ಅರ್ಥವಾಗುವ ಹಾಗೆ ಹೇಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮರದ ತಿರುಳನ್ನು ದಪ್ಪ ರಟ್ಟಿನಂಥ ಹಾಳೆ ಮಾಡಿ ನಮ್ಮಲ್ಲಿಗೆ ತರುತ್ತಾರೆ. ಅದನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಹದ ಬರುವವರೆಗೆ ಬಿಡಬೇಕು. ಕಾರ್ಬನ್ ಡೈಸಲ್ಫೈಡ್ ಎಂಬ ಕೆಟ್ಟ ದ್ರವ ಸೇರಿಸಿದರೆ ಆ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಕಾಸ್ಟಿಕ್ ನೀರಿನಲ್ಲಿ ಕರಗಿಸಿದರೆ ನಮ್ಮ ಜೋನಿಬೆಲ್ಲದಂಥ ಪಾಕ. ಆ ಪಾಕವನ್ನು ಕೂದಲೆಳೆಗಿಂತ ಸಣ್ಣ ತೂತುಗಳಿರುವ ಬಿಲ್ಲೆಯಿಂದ, ಶ್ಯಾವಿಗೆ ಒತ್ತಿದ ಹಾಗೆ, ಆಮ್ಲದ ತೊಟ್ಟಿಗೆ ಒತ್ತುತ್ತಾರೆ. ತೊಟ್ಟಿಗೆ ಬಿದ್ದದ್ದೇ ತಡ, ಪಾಕ ಗಟ್ಟಿಯಾಗಿ ಎಳೆಯಾಗುತ್ತದೆ. ಮರದೊಳಗಿದ್ದ ಸೆಲ್ಯುಲೋಸೇ ಕರಗಿ, ಇನ್ನೊಂದು ರೂಪದಲ್ಲಿ ಮತ್ತೆ ಹುಟ್ಟಿ ಬರುವುದು. ಇದಕ್ಕೆ ವಿಸ್ಕೋಸ್ ಎನ್ನುತ್ತಾರೆ. ಅಂಗಡಿಯವರು ರೇಯಾನ್ ಎಂದು ಮಾರುತ್ತಾರೆ.

ಇಷ್ಟನ್ನು ಕೇಳಿದ ಆಯಿ ಮರುದಿನವೇ ಪೇಟೆಯಲ್ಲಿ, "ನನ್ನ ಮಗಳು ಮರದ ಜೋನಿಬೆಲ್ಲ ಮಾಡಿ ಶ್ಯಾವಿಗೆ ಒತ್ತಿ ಸೀರೆ ತೆಗೀತಾಳೆ" ಎಂದು ಸಾರಿಬಿಟ್ಟಳು. ಅದನ್ನು ನಾನು ಕೆಲಸದ ಸಂದರ್ಶನದಲ್ಲಿ ಹೇಳಿದ್ದಕ್ಕಿಂತ ಅವಳು ಚೆನ್ನಾಗಿಯೇ ಹೇಳಿದಳು ಅನ್ನಿ. ಕಾರ್ಖಾನೆಯ ಗಂಧಕದ ವಾಸನೆ ನನ್ನ ಬಟ್ಟೆಗೆ ಹತ್ತಿಕೊಂಡು ಬಂದಾಗ ಮಾತ್ರ ಬಿಡಲಿಲ್ಲ. "ಕಾಲೇಜಲ್ಲಿ ಹುಡ್ಗೀರು ನಿಂಗೆ ಮೀನು ನಾತ ಅಂತಿದ್ರು ಅಂತ ಅತ್ಕೊಂಡು ಬರ್ತಿದ್ಯಲ್ಲ, ಈಗ ನೋಡು, ಕೊಳೆತ ಮೊಟ್ಟೆ! ನನ್ನ ಬುಟ್ಟಿನೇ ಅಡ್ಡಿಲ್ಲ" ಎಂದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ನಗು ನಿಂತದ್ದು ಅವಳ ಸೊಂಟ ನೋಡಿದ ದಿನ. ಒಂದು ಮಳೆಗಾಲದಲ್ಲಿ ರಜೆಗೆ ಬಂದಿದ್ದೆ. ಸೀರೆ ಬಿಗಿಯುವ ಜಾಗದಲ್ಲಿ ಸುತ್ತಲೂ ಚರ್ಮ ಕೆಂಪಾಗಿ ಒಡೆದು ನೀರು ಸೋರುತ್ತಿತ್ತು. ಕಾರವಾರಕ್ಕೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು: ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಉಪ್ಪುನೀರು, ಮಂಜುಗಡ್ಡೆಯ ನೀರು ಎಲ್ಲ ಅಲ್ಲೇ ನಿಂತು ಉಜ್ಜುತ್ತದೆ. ಬಟ್ಟೆ ಬದಲಿಸಿ, ಇಲ್ಲವಾದರೆ ಮೀನಿನ ಕೆಲಸ ಬಿಡಿ.

ಬಸ್ಸಿನಲ್ಲಿ ಬರುವಾಗ ಆಯಿ ಡಾಕ್ಟರ ಚೀಟಿಯನ್ನು ಮಡಚಿ ಚೀಲದೊಳಗೆ ತುರುಕಿದಳು. ಆಮೇಲೆ, "ಮೀನು ಬಿಟ್ಟು ಎಂತ ಮಾಡೂದು ಮಗಾ? ಮನೇಲಿ ಕೂತು ಗೋಡೆ ನೋಡೂದಾ?" ಎಂದಳು. ಪೇಟೆಯೆಂದರೆ ಅವಳಿಗೆ ಬರೀ ಸಂಪಾದನೆಯಲ್ಲ. ಬೆಳಗಿನ ಚಾ, ಜಗಳ, ಗಿರಾಕಿಗಳ ಮನೆಯ ಸುದ್ದಿ, ಹತ್ತು ಜನ ಹೆಂಗಸರ ನಗು, ಎಲ್ಲ ಅಲ್ಲೇ. ಹತ್ತಿ ಸೀರೆ ಉಡು ಎಂದೆ. ಅದನ್ನು ಅವಳು ಉಟ್ಟು ಬಿಟ್ಟವಳೇ. ನೆನೆದರೆ ಭಾರ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. "ಹಸಿ ಸೀರೆ ಉಟ್ರೆ ಕೆಮ್ಮು, ಒಣ ಸೀರೆ ಉಟ್ರೆ ತುರಿ. ಯಾವ್ದು ಬೇಕು ಹೇಳು" ಎಂದು ನನ್ನನ್ನೇ ಕೇಳಿದಳು.

ಆಗ ನಾನು ಠೀವಿಯಿಂದ, ನಮ್ಮ ನೂಲಿನ ಸೀರೆ ತರುತ್ತೇನೆ ಎಂದುಬಿಟ್ಟೆ. ವಿಸ್ಕೋಸ್ ಬೆವರು ಹೀರುತ್ತದೆ, ಮೈಗೆ ಮೆತ್ತಗೆ, ಹತ್ತಿಯ ಸೀರೆಯಷ್ಟು ದಪ್ಪವೂ ಇಲ್ಲ. ಮುಂದಿನ ಸಲ ತಂದೆ. ನೀಲಿ ಒಡಲು, ಹಳದಿ ಅಂಚು. ಆಯಿ ಉಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕಿ, "ಮೈ ಮೇಲೆ ಇದ್ದದ್ದೇ ಗೊತ್ತಾಗೂದಿಲ್ಲ ಮಾರಾಯ್ತಿ!" ಎಂದಳು. ಕಲ್ಲಿಗೆ ಬಡಿಯಬೇಡ, ತಿರುಚಿ ಹಿಂಡಬೇಡ, ನೆರಳಲ್ಲಿ ಹರವು ಎಂದು ನಾನು ಉಪದೇಶ ಮಾಡಿದೆ. ಎಲ್ಲದಕ್ಕೂ ಹೂಂ ಎಂದಳು. ಒಂದನ್ನೂ ಮೀರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅವಳ ಕೈ ಮಾತ್ರ ತನ್ನ ಹಳೆಯ ಅಭ್ಯಾಸ ಬಿಡಲಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಬಲೆಗಳು ಹತ್ತಿ ನೂಲಿನವು. ನೂಲು ಕೊಳ್ಳುವಾಗ ಅಜ್ಜ ಅದನ್ನು ಮೊದಲು ನೀರಿನಲ್ಲಿ ಅದ್ದಿ ಆಮೇಲೆ ಎಳೆದು ನೋಡುತ್ತಿದ್ದನಂತೆ, ಯಾಕೆಂದರೆ ಹತ್ತಿಗೆ ನೀರು ಬಿದ್ದರೆ ಬಲ ಹೆಚ್ಚು, ಗಂಟೂ ಬಿಗಿ. ಬಲೆಯಿಂದ ಆ ಅಭ್ಯಾಸ ಹೆಂಗಸರ ಸೀರೆಗೆ ಬಂತು. ತುಂಬಿದ ಬುಟ್ಟಿ ಎತ್ತುವ ಮೊದಲು ಬಕೆಟ್ಟಿನಿಂದ ಒಂದು ಬೊಗಸೆ ನೀರು ತೆಗೆದು ಸೊಂಟದ ಗಂಟಿಗೆ ತಟ್ಟಿಕೊಳ್ಳುವುದು, ಅಜ್ಜಿಯಿಂದ ಆಯಿಗೆ ಬಂದದ್ದು. ಬಲೆಗಳು ನೈಲಾನ್ ಆದವು, ಸೀರೆಗಳು ಪಾಲಿಯೆಸ್ಟರ್ ಆದವು, ನೀರು ತಟ್ಟುವುದು ಹಾಗೇ ಉಳಿಯಿತು. ನಾನು ಹುಟ್ಟಿದಾಗಿನಿಂದ ನೋಡಿದ್ದು. ನೋಡಿ ನೋಡಿ ಕಣ್ಣಿಗೆ ಬೀಳದಷ್ಟು ನೋಡಿದ್ದು.

ವಿಸ್ಕೋಸಿನ ಸ್ವಭಾವ ಹತ್ತಿಗೆ ಪೂರಾ ಉಲ್ಟಾ. ಮರದ ಸೆಲ್ಯುಲೋಸಿನ ಉದ್ದ ಸರಪಣಿಗಳು ಕಾಸ್ಟಿಕ್ಕಿನಲ್ಲಿ ತುಂಡಾಗಿ ಗಿಡ್ಡ ಆಗಿರುತ್ತವೆ, ತೊಟ್ಟಿಯಲ್ಲಿ ಗಡಿಬಿಡಿಯಿಂದ ಗಟ್ಟಿಯಾದಾಗ ಸರಿಯಾಗಿ ಒತ್ತೊತ್ತಾಗಿ ಕೂತಿರುವುದಿಲ್ಲ. ನೀರು ಅವುಗಳ ನಡುವೆ ನುಗ್ಗಿ ಸಡಿಲ ಮಾಡುತ್ತದೆ. ಒದ್ದೆಯಾದರೆ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಫೋನಿನಲ್ಲಿ ಕೇಳಿದಾಗಲೆಲ್ಲ ಆಯಿ, "ಸೀರೆ ಪಸಂದಾಗಿ ಅದೆ" ಎನ್ನುತ್ತಿದ್ದಳು. ಗಣೇಶ ಚವತಿಗೆ ಮನೆಗೆ ಬಂದರೆ ಅದೇ ಹಳೆಯ ಪಾಲಿಯೆಸ್ಟರ್ ಸೀರೆ, ಅದೇ ಸೊಂಟ, ಹುಣ್ಣು ಇನ್ನೂ ಮೇಲಕ್ಕೆ ಏರಿದೆ.

"ನಾ ತಂದ ಸೀರೆ ಎಲ್ಲಿ?"

"ತೆಗ್ದು ಇಟ್ಟಿದ್ದೆ. ಯಾರದ್ದಾದ್ರೂ ಮದುವೆಗೆ ಬೇಕಲ್ಲ."

ನನಗೆ ರೇಗಿತು. ಮದುವೆಗೆ ಅಲ್ಲ ತಂದದ್ದು, ನಿನ್ನ ಸೊಂಟಕ್ಕೆ ತಂದದ್ದು ಎಂದು ಕೂಗಾಡಿದೆ. ಅವಳು ತಿರುಗಿ ಒಂದು ಮಾತು ಆಡಲಿಲ್ಲ. ಆಯಿ ತಿರುಗಿ ಮಾತಾಡದ ದಿನ ಎಂದರೆ ಏನೋ ಇದೆ ಎಂದೇ ಅರ್ಥ.

ಮರುದಿನ ಪೇಟೆಗೆ ಹೋದೆ. ಆಯಿಯ ಪಕ್ಕದಲ್ಲೇ ಬುಟ್ಟಿ ಇಡುವ ಹೆಂಗಸೊಬ್ಬಳಿದ್ದಾಳೆ, ನಾನು ಅವಳನ್ನು ಮಾವಶಿ ಎಂದು ಕರೆಯುತ್ತೇನೆ. ಆಯಿ ಮಂಜುಗಡ್ಡೆ ತರಲು ಎದ್ದು ಹೋದ ಹೊತ್ತಿಗೆ ಮಾವಶಿ ನನ್ನ ಕೈ ಹಿಡಿದು ಕೂರಿಸಿಕೊಂಡಳು.

"ಸೀರೆ ಸುದ್ದಿ ಕೇಳ್ಬೇಡ ಅವಳ ಹತ್ರ. ಪೇಟೆ ತುಂಬ ಜನ ಇರ್ವಾಗ ಹರ್ದು ಹೋಯ್ತು. ಗಂಟಿಗೆ ನೀರು ತಟ್ಕೊಂಡ್ಲು, ಬುಟ್ಟಿ ಎತ್ತೂಕೆ ಬಗ್ಗಿದ್ಲು, ಸೊಂಟದಿಂದ ತೊಡೆವರೆಗೂ ಚರ್ರ್ ಅಂತು. ನಾನೇ ನನ್ನ ಟವೆಲು ಸುತ್ತಿ ಮನೆಗೆ ಕಳ್ಸಿದ್ದು."

ಆಮೇಲೆ? ಎಂದು ಕೇಳಿದೆ.

"ಮಗಳು ಮಾಡಿದ ನೂಲು ಅಂತ ಎಲ್ರಿಗೂ ಹೇಳಿದ್ಲಲ್ಲ, ಹೆಂಗಸ್ರು ಬಾಯಿ ತೆಗೀವುದ್ರೊಳಗೆ ಇವಳೇ ಹೇಳಿದ್ಲು, ಬುಟ್ಟಿ ತಂತಿ ತಾಗಿ ಹರೀತು, ನೂಲಿಂದೇನೂ ತಪ್ಪಿಲ್ಲ ಅಂತ."

ನಾನು ಆಯಿಯ ಬುಟ್ಟಿ ನೋಡಿದೆ. ಪ್ಲಾಸ್ಟಿಕ್ ಬುಟ್ಟಿ. ಮಾವಶಿಯದೂ ಪ್ಲಾಸ್ಟಿಕ್ಕೇ. ಬಿದಿರಿನ ಬುಟ್ಟಿಗೆ ತಂತಿ ಸುತ್ತುವ ಕಾಲ ಹೋಗಿ ಎಷ್ಟೋ ಆಯಿತು. ಸಾಲಿನಲ್ಲಿ ಒಂದು ತಂತಿಯೂ ಇರಲಿಲ್ಲ.

ಮಾವಶಿ ನನ್ನ ಕಣ್ಣು ಹೋದ ಕಡೆ ನೋಡಿ ಹೇಳಿದಳು: "ನಮ್ಗೇನು ಕಣ್ಣಿಲ್ವಾ? ಆದ್ರೂ ಹೌದೇ ಹೌದು, ತಂತಿನೇ ಅಂದ್ವು. ಅಷ್ಟು ಜನರೆದ್ರು ಅರ್ಧ ಸೀರೇಲಿ ನಿಂತ್ಕೊಂಡು ನಿನ್ನ ಮರ್ಯಾದೆ ಕಾಯ್ತಿದ್ಲು, ಬೇರೆ ಎಂತ ಹೇಳೂದು?"

ಮಂಜುಗಡ್ಡೆಯ ಪೆಟ್ಟಿಗೆಗಳ ಹಿಂದೆ ಹೋಗಿ ಅತ್ತೆ. ಅವಮಾನ ಅವಳದ್ದು, ಅಳುವುದು ನಾನು, ನಾಚಿಕೆಯಾಯಿತು. ಆದರೂ ಅತ್ತೆ.

ಕಾರ್ಖಾನೆಗೆ ಮರಳಿದ ಮೇಲೆ ನೂಲು ನೆನೆಸಿ ಹರಿಯುವಾಗಲೆಲ್ಲ ಆ ಚರ್ರ್ ಕೇಳಿಸುತ್ತಿತ್ತು. ಒದ್ದೆಯಲ್ಲಿ ಸೋಲುವ ಈ ಸ್ವಭಾವವನ್ನು ಸುಧಾರಿಸುವ ಪ್ರಯತ್ನ ಹೊಸದೇನಲ್ಲ. ತೊಟ್ಟಿಯ ಹದ ಬದಲಿಸಿ, ಎಳೆ ಇನ್ನೂ ಹಸಿಯಾಗಿರುವಾಗಲೇ ಚೆನ್ನಾಗಿ ಜಗ್ಗಿ, ಸರಪಣಿಗಳನ್ನು ಸಾಲಾಗಿ ಕೂರಿಸಿದರೆ ಮೋಡಾಲ್ ಎಂಬ ಗಟ್ಟಿ ನೂಲು ಬರುತ್ತದೆ. ಇನ್ನೊಂದು ದಾರಿಯಲ್ಲಿ ಆ ಕೊಳೆತ ಮೊಟ್ಟೆಯ ಗೊಡವೆಯೇ ಇಲ್ಲ. ತಿರುಳನ್ನು ಒಂದು ವಿಶೇಷ ದ್ರಾವಕದಲ್ಲಿ ಬಿಸಿ ಮಾಡಿ ನೇರವಾಗಿ ಕರಗಿಸುವುದು, ಎಳೆಯನ್ನು ಸ್ವಲ್ಪ ದೂರ ಗಾಳಿಯಲ್ಲಿ ಜಗ್ಗಿ ಆಮೇಲೆ ನೀರಿಗೆ ಇಳಿಸುವುದು, ದ್ರಾವಕವನ್ನು ಹಿಡಿದು ಮತ್ತೆ ಮತ್ತೆ ಬಳಸುವುದು. ಇದರ ಹೆಸರು ಲಯೋಸೆಲ್. ನೆನೆದರೂ ಇದರ ಬಲ ಹೆಚ್ಚು ಇಳಿಯುವುದಿಲ್ಲ. ನಮ್ಮಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು. ನಾನು ಹಟ ಮಾಡಿ ಆ ಗುಂಪಿಗೆ ಸೇರಿದೆ. ಒದ್ದೆ ನೂಲಿನ ಬಗ್ಗೆ ಇವಳಿಗೇಕೆ ಇಷ್ಟು ಹುಚ್ಚು ಎಂದು ಜೊತೆಯವರು ಕೇಳಿದರೆ, ನಮ್ಮ ಊರಲ್ಲಿ ಮಳೆ ಜಾಸ್ತಿ ಎನ್ನುತ್ತಿದ್ದೆ. ಕೊನೆಗೆ ಪರೀಕ್ಷೆಯ ನೂಲಿನಿಂದ ಒಂದು ಸೀರೆ ನೇಯಿಸಿಕೊಳ್ಳಲು ಮೇಲಿನವರು ಒಪ್ಪಿದರು.

ಆ ಸೀರೆ ಹಿಡಿದು ಕಾರವಾರದ ಶಿರವಾಡ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಜಡಿಮಳೆ. ಚೀಲವನ್ನು ಎದೆಗೆ ಅವಚಿಕೊಂಡು ಬಸ್ಸು ಹಿಡಿದೆ. ಆಮೇಲೆ ನನಗೇ ನಗು ಬಂತು. ನೆನೆಯಲಿ ಎಂದೇ ಮಾಡಿದ ಸೀರೆಯನ್ನು ಮಳೆಯಿಂದ ಕಾಯುತ್ತಿದ್ದೇನೆ!

ಆಯಿ ಪೊಟ್ಟಣ ಬಿಚ್ಚಿ ನೋಡಿದಳು. ಹಸಿರು ಸೀರೆ. ಚೆಂದ ಇದೆ ಎಂದಳು, ಉಡುತ್ತೇನೆ ಎನ್ನಲಿಲ್ಲ. ನಾನೇ ಸೀರೆಯನ್ನು ಬಕೆಟ್ಟಿಗೆ ಅದ್ದಿ, "ಈ ತುದಿ ನೀನು ಹಿಡಿ, ಎಳಿ" ಎಂದೆ.

"ಹೊಸ ಸೀರೆ ಮಾರಾಯ್ತಿ!"

"ಎಳಿ ಅಂದೆ."

ಅಂಗಳದಲ್ಲಿ ನಿಂತು ತಾಯಿ ಮಗಳು ಹಗ್ಗಜಗ್ಗಾಟ ಆಡಿದೆವು. ಆಯಿ ಮೊದಲು ಹೆದರಿ ಹೆದರಿ ಎಳೆದಳು, ಆಮೇಲೆ ಕಾಲೂರಿ ಜಗ್ಗಿದಳು. ನಾನೇ ಮುಗ್ಗರಿಸಿದೆ. ಸೀರೆಗೆ ಏನೂ ಆಗಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ ಅದನ್ನು ಒಗೆಯುವ ಕಲ್ಲಿಗೆ ಒಯ್ದು, ಈ ಸಲ ನಾನು ಬೇಡ ಎನ್ನಲಿಲ್ಲ, ಬಡಿದು ತಿಕ್ಕಿ ಒಗೆದಳು. ಒಣಗಿದ ಮೇಲೆ ಕಣ್ಣ ಹತ್ತಿರ ಹಿಡಿದು ಗೊಳ್ಳೆಂದಳು.

"ಹರೀಲಿಲ್ಲ, ಹೌದು. ಆದ್ರೆ ಇದ್ಕೆ ಗಡ್ಡ ಬಂತಲ್ಲೇ!"

ನಿಜವೇ. ಒದ್ದೆಯಲ್ಲಿ ಉಜ್ಜಿದರೆ ಲಯೋಸೆಲ್ಲಿನ ಎಳೆ ಸಿಪ್ಪೆ ಸುಲಿದ ಹಾಗೆ ಸೀಳಿ ನವಿರು ಏಳುತ್ತದೆ. ಅದಕ್ಕೂ ಮದ್ದು ಇದೆ, ಎಳೆಗಳನ್ನು ಒಳಗಿಂದೊಳಗೆ ಬೆಸೆಯುವ ರಾಸಾಯನಿಕ, ಮುಂದಿನ ಸೀರೆಗೆ ಅದನ್ನೂ ಹಾಕಿಸುತ್ತೇನೆ ಎಂದು ನಾನು ಶುರು ಮಾಡಿದೆ. "ಇರ್ಲಿ ಬಿಡೇ, ಗಡ್ಡ ಇದ್ದವ್ರು ಉಪದ್ರ ಮಾಡೂದಿಲ್ಲ" ಎಂದು ಆಯಿ ಅದನ್ನೇ ಉಟ್ಟಳು. ಮಳೆ ಹಿಡಿದ ಆ ಇಡೀ ರಜೆ ಮನೆಯಲ್ಲಿ ಅದನ್ನೇ ಉಟ್ಟಳು. ಬೆಳಗ್ಗೆ ನೋಡಿದಾಗಲೆಲ್ಲ ಸೊಂಟದ ಕೆಂಪು ಒಂದಿಷ್ಟು ಇಳಿದಿರುತ್ತಿತ್ತು.

ನಾನು ಹೊರಡುವ ಹಿಂದಿನ ದಿನ ಆಯಿ ಆ ಸೀರೆಯಲ್ಲೇ ಪೇಟೆಗೆ ಹೊರಟಳು. ನಾನೂ ಹಿಂದೆ ಹೋದೆ. ಬುಟ್ಟಿಗೆ ನೊಗಲಿ ಮೀನು ತುಂಬಿದ್ದಾಯಿತು. ಸಾಲಿನ ಹೆಂಗಸರೆಲ್ಲ ಬೇರೆ ಏನೋ ಮಾಡುತ್ತಿರುವವರ ಹಾಗೆ ನಟಿಸುತ್ತ ಇವಳನ್ನೇ ನೋಡುತ್ತಿದ್ದರು. ಲ್ಯಾಬಿನಲ್ಲಿ ಎಷ್ಟು ಸಲ ಅಳೆದ ನೂಲದು, ಆದರೂ ನಾನು ಒಂದು ಹೆಜ್ಜೆ ಅವಳ ಹತ್ತಿರ ಸರಿದು ನಿಂತೆ.

ಆಯಿ ಬಕೆಟ್ಟಿಗೆ ಕೈ ಹಾಕಿ ಗಂಟಿಗೆ ಒಂದು ಬೊಗಸೆ ನೀರು ತಟ್ಟಿದಳು. ಆಮೇಲೆ ಇನ್ನೊಂದು. ಆಮೇಲೆ ಚೊಂಬು ತೆಗೆದುಕೊಂಡು ಸೊಂಟದ ಮೇಲೆ ಪೂರ್ತಿ ಸುರಿದುಕೊಂಡಳು.

"ಸಾಕೇ! ಮೀಯೂಕೆ ಬಂದ್ಯಾ?" ಎಂದಳು ಮಾವಶಿ.

ಆಯಿ ಬಗ್ಗಿದಳು. ಬುಟ್ಟಿ ಎತ್ತಿದಳು. ತಲೆಯ ಮೇಲೆ ಇಟ್ಟುಕೊಂಡು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ತಿರುಗಿ ಬಂದು ಇಳಿಸಿದಳು. ಸೀರೆ ಸೊಂಟಕ್ಕೆ ಕಚ್ಚಿಕೊಂಡು ಹಾಗೇ ಇತ್ತು. ಮಾವಶಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಯಿ ಸೊಂಟದ ಮೇಲೆ ಕೈ ಇಟ್ಟು, ನನ್ನ ಕಡೆಯಲ್ಲ, ಸಾಲಿನ ಕಡೆಗೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನೋಡಿದ್ರಾ? ಅವತ್ತು ತಂತಿನೇ ತಾಗಿದ್ದು."

"ಹೌದೇ ಹೌದು, ತಂತಿನೇ" ಎಂದರು ಹೆಂಗಸರು.

ಒದ್ದೆ ನೂಲು ಯಾಕೆ ಹರಿಯುತ್ತದೆ ಎಂದು ಆ ಪೇಟೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನಾನೂ ಹೌದು ಆಯಿ, ತಂತಿನೇ ಎಂದೆ.