ಸರ್‌ನೇಮಿನ ಕಾರ್ಡುಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಕೊಲ್ಲಿ ದೇಶವೊಂದರಲ್ಲಿ, ಸೀಫ್‌ನ ನಮ್ಮ ಆಫೀಸಿಗೆ ಮ್ಯಾನೇಜರ್ ಆಗಿದ್ದವರು ಒಬ್ಬ ಇಂಗ್ಲಿಷ್ ಸಾಹೇಬರು. ಅವರಿಗೆ ಗಾಲ್ಫಿನ ಹುಚ್ಚಿರಲಿಲ್ಲ, ಕುಡಿತವೂ ಕಮ್ಮಿ. ಇದ್ದ ಹುಚ್ಚು ಒಂದೇ, ತಮ್ಮ ಸರ್‌ನೇಮ್. ಇಂಗ್ಲೆಂಡಿನ ಉತ್ತರದ ಬೆಟ್ಟಗಳ ನಡುವಿನ ಒಂದು ಕುಗ್ರಾಮದ ಹೆಸರದು. ಅಲ್ಲಿಂದ ಬೇರೆ ಕಡೆ ಹೋದವನೊಬ್ಬನನ್ನು ಜನ ಅವನ ಊರಿನ ಹೆಸರಿನಿಂದಲೇ ಕರೆದರಂತೆ, ಅದೇ ಮಕ್ಕಳು ಮೊಮ್ಮಕ್ಕಳಿಗೂ ಅಂಟಿತಂತೆ. ಈಗ ಆ ಊರಲ್ಲಿ ಕುರಿಗಳಿವೆ, ಆ ಹೆಸರಿನವರು ಒಬ್ಬರೂ ಇಲ್ಲ ಎನ್ನುತ್ತಿದ್ದರು.

ರಜೆಗೆ ಹೋದ ಇಂಗ್ಲಿಷರೆಲ್ಲ ಬರುವಾಗ ಇವರಿಗಾಗಿ ತಮ್ಮ ಕಡೆಯ ಟೆಲಿಫೋನ್ ಡೈರೆಕ್ಟರಿ ಹೊತ್ತು ತರಬೇಕಿತ್ತು. ಗುರುವಾರ ಆಫೀಸು ಅರ್ಧ ದಿನ. ಉಳಿದವರು ಹೋದ ಮೇಲೆ ನಾನು ಕೂತು, ಆ ಸರ್‌ನೇಮಿನವರನ್ನು ಹುಡುಕಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬರೆಯುತ್ತಿದ್ದೆ. ಕೊನೆಯ ಸಾಲು ಮೂಲ ಊರಿನದು. ಎಲ್ಲ ಕಾರ್ಡಿಗೂ ಅದೇ ಕುಗ್ರಾಮ. ಸೆಗಯಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಊಟಕ್ಕೆ ಕಾಯುತ್ತಿದ್ದಾಗ ನಾನಿಲ್ಲಿ ಬಿಳಿಯರ ಕುಲ ಹುಡುಕುತ್ತಿದ್ದೆ. ಸಿಟ್ಟು ಬರುತ್ತಿತ್ತು, ಆದರೆ ನನ್ನ ವೀಸಾ ಅವರ ಕೈಯಲ್ಲಿತ್ತು. ಹೆಚ್ಚಿನವರು ಉತ್ತರದ ಒಂದೇ ಜಿಲ್ಲೆಯವರು, ಲಂಡನ್ನಿನಲ್ಲಿ ನಾಲ್ಕಾರು ಮನೆ, ದಕ್ಷಿಣದಲ್ಲಿ ಇಲ್ಲವೆನ್ನುವಷ್ಟು ಕಮ್ಮಿ. ಅಷ್ಟು ದೊಡ್ಡ ದೇಶದ ಆ ಹೆಸರಿನವರೆಲ್ಲ ಒಂದು ಶೂ ಡಬ್ಬಿಯಲ್ಲಿ ಹಿಡಿದರು.

ಸಾಹೇಬರಿಗೆ ಒಬ್ಬಳೇ ಮಗಳು, ಅಣ್ಣತಮ್ಮಂದಿರೂ ಇಲ್ಲ. ಮದುವೆಯಾದರೂ ಮಗಳು ತಮ್ಮ ಸರ್‌ನೇಮ್ ಬಿಡಬಾರದು ಎನ್ನುವುದೊಂದೇ ಅವರ ಆಸೆ. ಒಂದು ಗುರುವಾರ ಅವಳ ಫ್ಯಾಕ್ಸ್ ಬಂತು. ಮದುವೆ ನಿಶ್ಚಯವಾಗಿದೆ, ಗಂಡನ ಹೆಸರನ್ನೇ ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದಳು. ಸಾಹೇಬರು ಓದಿ ಮಡಚಿದರು, ಮತ್ತೆ ಬಿಡಿಸಿ ಓದಿದರು. ನನಗೆ ಪಾಪ ಅನ್ನಿಸಿತು.

ಸಮಾಧಾನ ಮಾಡಲೆಂದು ಮಂಗಳೂರು ಕಡೆಯ ನಮ್ಮವರ ಪದ್ಧತಿ ಹೇಳಿದೆ. ನಮ್ಮಲ್ಲಿ ಬರಿ, ಅಂದರೆ ಕುಲ, ತಾಯಿಯಿಂದ ಬರುವುದು. ಗಂಡುಮಕ್ಕಳು ಎಷ್ಟೇ ಇರಲಿ, ಅದು ಮುಂದುವರಿಯಬೇಕಾದರೆ ಮಗಳೇ ಬೇಕು. ಸಾಹೇಬರ ಮುಖ ಅರಳಿತು.

“ಹಾಗಾದರೆ ನಿಮ್ಮ ಪದ್ಧತಿಯಲ್ಲಿ ನನ್ನ ಹೆಸರು ಅವಳಿಂದ ಉಳಿಯುತ್ತಿತ್ತು.”

“ಇಲ್ಲ ಸರ್. ನಮ್ಮ ಪದ್ಧತಿಯಲ್ಲಿ ಅವಳು ನಿಮ್ಮ ಹೆಂಡತಿ ಕಡೆಯವಳು.”

ಹೇಳಬಾರದಿತ್ತೇನೋ, ಬಾಯಿ ಸುಮ್ಮನಿರಲಿಲ್ಲ. ಅವರು ಖಾಲಿ ಕಾರ್ಡೊಂದನ್ನು ಎಳೆದುಕೊಂಡು ಹೆಂಡತಿಯ ತವರಿನ ಸರ್‌ನೇಮ್ ಬರೆದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಹೆಸರು ಎಲ್ಲಿಂದ ಬಂದದ್ದೆಂದು ಇಷ್ಟು ವರ್ಷದಲ್ಲಿ ತಾನು ಕೇಳಿಯೇ ಇಲ್ಲ ಎಂದರು. ಮನೆಗೆ ಫೋನು ಮಾಡಲು ರಿಸೀವರ್ ಎತ್ತಿದರು. ನಾನು ಎದ್ದು ಬಂದೆ.

ಸಾಹೇಬರಿಗೇ ಬುದ್ಧಿ ಹೇಳಿದ ಜಂಬ ನನಗೆ ಊಟಕ್ಕೆ ಕೂತಾಗಲೂ ಇಳಿದಿರಲಿಲ್ಲ. ಮೀನುಸಾರು ಬಡಿಸುತ್ತಿದ್ದ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಒಳಗೆ ಹೋಗಿ ನಮ್ಮ ಮಗಳ ಪಾಸ್‌ಪೋರ್ಟ್ ತಂದು ನನ್ನ ತಟ್ಟೆಯ ಪಕ್ಕ ತೆರೆದಿಟ್ಟಳು. ಸರ್‌ನೇಮಿನ ಜಾಗದಲ್ಲಿ ನನ್ನ ಹೆಸರಿತ್ತು. ಆ ಅರ್ಜಿ ತುಂಬಿಸಿದ್ದು ನಾನೇ. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ.