ಹನಿಯೊಳಗೆ ತೆವಳುವುದನ್ನು ಕಾಣುವ ರಮ್ಲತ್

ಮಸೀದಿಯ ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ಮಲಬಾರಿನ ಸರ್ಕಾರಿ ಆಸ್ಪತ್ರೆಯೊಂದರ ಪ್ರಯೋಗಾಲಯದ ಬಾಗಿಲಲ್ಲಿ ಅಟೆಂಡರ್ ಬಾಬುರಾಜ್ ಏದುಸಿರು ಬಿಡುತ್ತ ನಿಂತಿದ್ದಾರೆ. ಕೈಯಲ್ಲಿ ಬೆರಳುದ್ದದ ಸೀಸೆ. ಅದರೊಳಗೆ ಹದಿಮೂರು ವರ್ಷದ ನಿಖಿತಾಳ ಬೆನ್ನುಹುರಿಯ ಸುತ್ತಲಿಂದ ತೆಗೆದ ಮಬ್ಬು ನೀರು.

"ಫ್ರಿಜ್ಜಲ್ಲಿ ಇಟ್ಟಿಲ್ಲ ತಾನೇ?" ರಮ್ಲತ್ ಕೇಳುತ್ತಾರೆ.

"ಇಲ್ಲ, ಇತ್ತಾ. ನೀವು ಬೈತೀರಂತ ಮುಷ್ಟೀಲೇ ಹಿಡ್ಕೊಂಡು ಓಡಿ ಬಂದೆ."

ಐವತ್ತೈದರ ಈ ತಂತ್ರಜ್ಞೆ ಇಡೀ ಆಸ್ಪತ್ರೆಗೆ 'ಇತ್ತ', ಅಂದರೆ ಅಕ್ಕ. ಗಾಜಿನ ಪಟ್ಟಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ. ಅವರು ಹುಡುಕುವುದು ಅಮೀಬಾವನ್ನು. ಕೊಳದ ಬೆಚ್ಚನೆ ನೀರಲ್ಲಿ ತನ್ನ ಪಾಡಿಗೆ ಬದುಕುವ ಜೀವಿ ಅದು. ಈಜುವವರ ಮೂಗಿಗೆ ನೀರು ನುಗ್ಗಿದಾಗ ಎಲ್ಲೋ ಒಬ್ಬರ ಮಿದುಳನ್ನು ಅದು ಹೊಕ್ಕುಬಿಡುತ್ತದೆ. ತಲೆನೋವು, ಜ್ವರ, ವಾಂತಿ. ಆಮೇಲೆ ಉಳಿಯುವುದು ಕೆಲವೇ ದಿನ.

ಬೇಸಿಗೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಸೀಸೆ ಬರುತ್ತವೆ. ಒಂದೊಂದಕ್ಕೂ ಅರ್ಧ ಗಂಟೆ. "ಬಿಳಿ ರಕ್ತಕಣಗಳೂ ಹಾಗೇ ಕಾಣ್ತವೆ. ಆದ್ರೆ ಇದು ತೆವಳ್ತದೆ. ಕಾಲು ಚಾಚಿ, ಮೈಯನ್ನ ಅದರೊಳಕ್ಕೆ ಸುರ್ಕೊಂಡು ಮುಂದೆ ಹೋಗ್ತದೆ. ಇಷ್ಟು ವರ್ಷ ಆದ್ರೂ ನೋಡಿದ್ರೆ ಕೈಕಾಲು ತಣ್ಣಗಾಗ್ತದೆ."

ಆ ಹೆದರಿಕೆ ಮನೆಗೂ ಬಂದಿದೆ. ನಮಾಜಿಗೆ ಮುನ್ನ ಮೂಗು ತೊಳೆಯಲೂ ಕುದಿಸಿ ಆರಿಸಿದ ನೀರೇ ಆಗಬೇಕು. "ಇನ್ನು ಮಳೇನೂ ಕುದಿಸ್ತೀಯಾ ಅಂತ ನಮ್ಮನೆಯೋರು ಕಾಲೆಳೀತಾರೆ."

ಒಂಬತ್ತು ವರ್ಷದ ಹಿಂದೆ ಶಿಜಿಲ್ ಎಂಬ ಆಟೋ ಚಾಲಕನ ಸೀಸೆ ಬಂದಿತ್ತು. ಕೆಲಸದ ನೂಕುನುಗ್ಗಲಲ್ಲಿ ಅದು ಮೂರು ಗಂಟೆ ಫ್ರಿಜ್ಜಿನಲ್ಲೇ ಉಳಿಯಿತು. ತಣ್ಣಗಾದ ಅಮೀಬಾ ಮುದುಡಿ ಗುಂಡಗಾಗುತ್ತದೆ, ಅಲುಗಾಡುವುದಿಲ್ಲ. ರಮ್ಲತ್ 'ಏನೂ ಇಲ್ಲ' ಎಂದು ಬರೆದುಕೊಟ್ಟರು. ಮೂರನೇ ದಿನ ಆತ ತೀರಿಕೊಂಡ. ಕಾರಣ ಅಮೀಬಾ ಎಂದು ತಿಳಿದದ್ದು ಆಮೇಲೆ.

"ಅವನ ಉಮ್ಮ, ಹೆತ್ತಮ್ಮ, ಈ ಬಾಗಿಲ ಹತ್ರಾನೇ ಕೂತಿದ್ರು. 'ಏನೂ ಇಲ್ವಂತೆ' ಅಂತ ಫೋನಲ್ಲಿ ಯಾರಿಗೋ ಹೇಳಿ ನಗ್ತಿದ್ರು. ನಾನು ಬರೆದದ್ದನ್ನ ನಂಬಿ." ರಮ್ಲತ್ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುತ್ತಾರೆ.

ಇಪ್ಪತ್ತು ನಿಮಿಷ ಕಳೆದಿದೆ. ಸೂಕ್ಷ್ಮದರ್ಶಕದ ತಿರುಪು ಹಿಡಿದ ಅವರ ಬೆರಳು ತಟ್ಟನೆ ನಿಲ್ಲುತ್ತದೆ. ಮಾತಾಡಬೇಡಿ ಎಂಬಂತೆ, ಪಕ್ಕದಲ್ಲಿ ಕೂತು ಅವರ ಮಾತು ಬರೆದುಕೊಳ್ಳುತ್ತಿದ್ದ ನನ್ನತ್ತ ಕೈ ಎತ್ತುತ್ತಾರೆ. ಆಮೇಲೆ ಬಾಬುರಾಜ್‌ಗೆ, "ಡಾಕ್ಟರನ್ನ ಕರಿ. ಈಗಲೇ."

ಯುವ ವೈದ್ಯೆ ಜೆಸ್ನಾ ನಿದ್ದೆಗಣ್ಣಲ್ಲೇ ಬಂದು ಬಗ್ಗಿ ನೋಡುತ್ತಾರೆ. "ಬಿಳಿ ಕಣ ಇವು, ಇತ್ತಾ. ನಿಮಗೆ ಎಲ್ಲದ್ರಲ್ಲೂ ಅದೇ ಕಾಣ್ತದೆ."

"ಕಾಣ್ಲಿ ಬಿಡಿ. ಎಡಗಡೆ ಮೂಲೆ ನೋಡಿ ಡಾಕ್ಟ್ರೇ. ಕಣ್ಣು ತೆಗೀದೆ ನೂರರ ತನಕ ಎಣಿಸಿ."

ಜೆಸ್ನಾ ಮೆಲ್ಲಗೆ ಎಣಿಸತೊಡಗುತ್ತಾರೆ. ನಲವತ್ತರ ಹತ್ತಿರ ದನಿ ನಿಲ್ಲುತ್ತದೆ. ಫೋನ್ ಕಿವಿಗಿಟ್ಟು ವಾರ್ಡಿನತ್ತ ಓಡುತ್ತಾರೆ. ರಮ್ಲತ್ ನನ್ನನ್ನು ಕರೆದು ತೋರಿಸುತ್ತಾರೆ. ಬೂದುಬಣ್ಣದ್ದೊಂದು ಚುಕ್ಕೆ, ಅವಸರವೇ ಇಲ್ಲದೆ ತೆವಳುತ್ತಿದೆ. ಒಂದು ಮಗುವಿನ ತಲೆಯೊಳಗಿಂದ ಬಂದದ್ದು ಅದು. ನಾನು ಹೆಚ್ಚು ಹೊತ್ತು ನೋಡಲಾರೆ.

ಮುಕ್ಕಾಲು ಗಂಟೆಯೊಳಗೆ ಔಷಧಿ ಶುರುವಾಯಿತು. ಆರು ದಿನ ನಿಖಿತಾ ಕಣ್ಣು ಬಿಡಲಿಲ್ಲ. ಆ ಆರೂ ದಿನ ರಮ್ಲತ್ ಕೆಲಸ ಮುಗಿದ ಮೇಲೆ ತೀವ್ರ ನಿಗಾ ಘಟಕದ ಗಾಜಿನಾಚೆ ನಿಂತು ಉಸಿರಾಟದ ಯಂತ್ರವನ್ನು ನೋಡಿ ಮನೆಗೆ ಹೋಗುತ್ತಿದ್ದರು. ಒಳಗೆ ಹೋಗಲು ಧೈರ್ಯ ಬರಲಿಲ್ಲವಂತೆ. ಮೂವತ್ತೊಂದನೇ ದಿನ ಹುಡುಗಿ ಅಮ್ಮನ ತೋಳು ಹಿಡಿದು, ಕಾಲೆಳೆಯುತ್ತ, ಪ್ರಯೋಗಾಲಯದ ಮುಂದೆಯೇ ನಡೆದುಹೋದಳು. ಒಳಗೆ ಯಾರಿದ್ದಾರೆಂದು ತಾಯಿ ಮಗಳಿಬ್ಬರಿಗೂ ಗೊತ್ತಿಲ್ಲ.

ಮುಂದಿನ ಮಾರ್ಚಿಗೆ ರಮ್ಲತ್ ನಿವೃತ್ತರಾಗುತ್ತಾರೆ. ಆಮೇಲೆ ಏನು ಆಸೆ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

"ನಾನು ಹುಟ್ಟಿ ಬೆಳೆದಿದ್ದೇ ಕೊಳದ ದಂಡೇಲಿ. ಊರಿನ ಗಂಡುಮಕ್ಕಳಿಗಿಂತ ಜೋರಾಗಿ ಈಜ್ತಿದ್ದೆ. ಈಗ ಕಾಲೂ ಅದ್ದೋದಿಲ್ಲ. ಒಂದ್ಸಲ ಆ ಕೊಳದ ಈ ದಂಡೆ ಮೆಟ್ಟಿಲಲ್ಲಿ ಮುಳುಗಿ ಆ ದಂಡೆ ಮೆಟ್ಟಿಲಲ್ಲಿ ಏಳ್ಬೇಕು. ಎದೆ ಡವಗುಟ್ಟಬಾರ್ದು, ಅಷ್ಟೇ."